ಹಳದಿ ಮಾತ್ರೆಯ ಕೈಗಡ

ನನ್ನ ಫಿಟ್ಸಿಗೆ, ಮೇಲಿನ ಮನೆಯ ರೈಲ್ವೆ ಮಾವನ ಸೊಂಟದ ಸೆಳೆತಕ್ಕೆ, ಕೆಳಗಿನ ಮನೆಯ ಮೈಸೂರಮ್ಮನ ಎದೆ ಡವಡವಕ್ಕೆ, ಎಪ್ಪತ್ತರ ದಶಕದ ಕಲ್ಕತ್ತದ ಡಾಕ್ಟರುಗಳು ಕೊಡುತ್ತಿದ್ದುದು ಒಂದೇ ಮಾತ್ರೆ. ಡಯಾಜೆಪಾಮ್ ಎಂಬ ಹೆಸರು ಯಾರ ನಾಲಿಗೆಯ ಮೇಲೂ ನಿಲ್ಲದೆ ಕನ್ನಡಿಗರೇ ತುಂಬಿದ್ದ ನಮ್ಮ ಕಟ್ಟಡದಲ್ಲಿ ಅದು ಬರೀ ‘ಹಳದಿ’ ಆಗಿತ್ತು. ಉಪ್ಪಿಟ್ಟಿಗೆ ಸಕ್ಕರೆ ಹಾಕಬೇಕೋ ಬೇಡವೋ ಎಂದು ವರ್ಷಗಟ್ಟಲೆ ಜಗಳವಾಡುತ್ತಿದ್ದ ಉಡುಪಿ, ಧಾರವಾಡ, ಮೈಸೂರಿನವರು ಹಳದಿಯ ವಿಷಯದಲ್ಲಿ ಮಾತ್ರ ಒಗ್ಗಟ್ಟಾಗಿದ್ದರು.

ನಾನು ಓದುತ್ತಿದ್ದುದು ಜಾದವ್‌ಪುರದಲ್ಲಿ. ದಾರಿಯಲ್ಲಿ ಫಿಟ್ಸ್ ಬಂದರೆ ಎಂಬ ಭಯಕ್ಕೆ ಅಮ್ಮ ದಿನಾ ಬಸ್ಸಿನಲ್ಲಿ ಜೊತೆಗೆ ಬಂದು, ಕಾಲೇಜಿನ ಮರದಡಿ ಕೊಡೆ ಬಿಚ್ಚಿ ಕೂರುತ್ತಿದ್ದಳು. ಪ್ರೊಫೆಸರರ ಕೆಮ್ಮು, ಕಂಡಕ್ಟರನ ಕೂಗು, ಪೂಜೆಯ ಚಂದಾ ಕೇಳುವವರ ಗತ್ತು ಎಲ್ಲವನ್ನೂ ಅನುಕರಿಸಿ ಹುಡುಗಿಯರನ್ನು ನಗಿಸುವ ಮಹಾವೀರ ನಾನು. ನಗು ಏರಿದ ಹೊತ್ತಿಗೆ ಸರಿಯಾಗಿ ಹಿಂದಿನಿಂದ ಅಮ್ಮ ಟಿಫಿನ್ ಡಬ್ಬಿ ಚಾಚುತ್ತಿದ್ದಳು. ವೀರನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಕೊನೆಗೆ ಡಾಕ್ಟರು ಒಂದು ಮಾತು ಕೊಟ್ಟರು: ಈ ಮಾಘದ ಸರಸ್ವತಿ ಪೂಜೆಯಿಂದ ಮುಂದಿನ ಮಾಘದ ಪೂಜೆಯವರೆಗೆ ಫಿಟ್ಸ್ ಬಾರದಿದ್ದರೆ ಇವನು ಒಬ್ಬನೇ ಓಡಾಡಬಹುದು. ದುರ್ಗಾಪೂಜೆ ಸುಖವಾಗಿ ಕಳೆಯಿತು. ಚಳಿ ಬಂತು. ಬಸ್ಸಿನ ಬಾಗಿಲಿಗೆ ಜೋತು ಬೀಳುವುದನ್ನು ನಾನು ಮನೆಯ ಬಾಗಿಲಲ್ಲೇ ಅಭ್ಯಾಸ ಮಾಡತೊಡಗಿದೆ.

ಆದರೆ ಅಮ್ಮನಿಗೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಆಸ್ಪತ್ರೆಯ ಕಂಪೌಂಡರ್ ಪೊಟ್ಟಣ ಕಟ್ಟಿ ಕೊಟ್ಟ ಬಿಡಿ ಮಾತ್ರೆಗಳನ್ನು ಅವಳು ಡಬ್ಬಿಗೆ ಸುರಿದು ಕಾಫಿಪುಡಿಯ ಪಕ್ಕ ಇಟ್ಟಿದ್ದಳು. ಹಾಗಾಗಿ ಅದಕ್ಕೂ ಕಾಫಿಪುಡಿಯ ಕೈಗಡದ ಕಾನೂನೇ ಅನ್ವಯವಾಯಿತು.

“ಒಂದ ಹಳದಿ ಗುಳಿಗಿ ಇದ್ರ ಕೊಡ್ರೆವಾ, ಸೊಂಟ ಹಿಡದದ. ನಾಳಿ ಮುಟ್ಟಸ್ತೀನಿ,” ಎಂದು ರೈಲ್ವೆ ಮಾವ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. ಊರಿನಿಂದ ಕಾಗದ ಬಂದರೂ ಬಾರದಿದ್ದರೂ ಮೈಸೂರಮ್ಮನಿಗೆ ಒಂದು ಹಳದಿ ಬೇಕಾಗುತ್ತಿತ್ತು.

ಇಬ್ಬರೂ ಹೇಳಿದ ಮಾತಿಗೆ ತಪ್ಪುತ್ತಿರಲಿಲ್ಲ. ಒಂದಕ್ಕೆ ಒಂದು ತಂದು ಡಬ್ಬಿಗೇ ಹಾಕಿ ಹೋಗುತ್ತಿದ್ದರು. ತರುತ್ತಿದ್ದುದು ಮಾತ್ರ ಅವರವರ ಮನೆಯಲ್ಲಿದ್ದ ಹಳದಿ.

ಸರಸ್ವತಿ ಪೂಜೆಗೆ ಇನ್ನೇನು ವಾರವಿತ್ತು. ರೈಲ್ವೆ ಮಾವ ಸೊಂಟ ಹಿಡಿದು ಮೆಟ್ಟಿಲಿಳಿಯುವುದನ್ನು ಅಡುಗೆಮನೆಯಲ್ಲಿ ಮಾಡಿ ತೋರಿಸುತ್ತಿದ್ದವನು ಹಾಗೆಯೇ ನೆಲಕ್ಕೆ ಬಿದ್ದೆ. ಅಮ್ಮ ಮೊದಲು ನಕ್ಕಳಂತೆ. ರೈಲ್ವೆ ಮಾವ ಇಷ್ಟು ಹೊತ್ತು ನಡುಗುವುದಿಲ್ಲ ಎಂದು ಹೊಳೆದ ಮೇಲೆ ಸೌಟು ಎಸೆದು ಓಡಿ ಬಂದಳಂತೆ.

ಮರುದಿನ ಡಾಕ್ಟರು ಡಬ್ಬಿಯನ್ನು ಮೇಜಿನ ಮೇಲೆ ಕವುಚಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದರು. ಇದು ವಿಟಮಿನ್, ಇದು ಭೇದಿಯ ಮಾತ್ರೆ, ಇದು ಯಾವುದೆಂದು ದೇವರೇ ಬಲ್ಲ. ನನ್ನ ಮಾತ್ರೆ ಹುಡುಕಿದರೆ ಸಿಗುವಷ್ಟು. ಈ ಔಷಧ ಹೀಗೆ ಹಠಾತ್ತನೆ ತಪ್ಪಿದರೆ ಫಿಟ್ಸ್ ತಿರುಗಿ ಬರುತ್ತದೆ ಎಂದು ಗದರಿದರು.

ಅಮ್ಮ ತನ್ನ ಮುರುಕು ಹಿಂದಿಯಲ್ಲಿ ನೆರೆಯವರ ಮಾನ ಕಾಪಾಡಲು ನಿಂತಳು. “ಎಲ್ಲರೂ ವಾಪಸ್ ಕೊಟ್ಟಿದ್ದಾರೆ ಡಾಕ್ಟ್ರೇ. ಯಾರೂ ಮೋಸ ಮಾಡುವವರಲ್ಲ.”

ನನ್ನ ವರ್ಷ ಮತ್ತೆ ಮೊದಲಿನಿಂದ ಶುರುವಾಯಿತು. ಅಮ್ಮನೂ ಬಸ್ಸು ಹತ್ತುವುದನ್ನು ಮುಂದುವರಿಸಿದಳು. ಮನೆಯಲ್ಲಿಟ್ಟರೆ ಯಾರಾದರೂ ಕೇಳಿಯಾರೆಂದು ಹೊಸ ಮಾತ್ರೆಯ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು. ಆದರೆ ಡಬ್ಬಿಯ ಕತೆಯನ್ನು ಅಭಿನಯಸಮೇತ ಕಾಲೇಜಿಗೆಲ್ಲ ಸಾರಿದ್ದವನು ನಾನೇ. ಪರೀಕ್ಷೆಯ ದಿನ ನನ್ನ ಸಹಪಾಠಿಯೊಬ್ಬ ಬೆವರುತ್ತ ಮರದಡಿಗೆ ಬಂದ. ಕೈ ನಡುಗುತ್ತಿದೆ, ಒಂದೇ ಒಂದು ಹಳದಿ ಕೊಡಿ ಮಾಶಿಮಾ ಎಂದು ಅಮ್ಮನನ್ನು ಬೇಡಿದ. ಅಮ್ಮನ ಕೈ ತಾನಾಗಿಯೇ ಚೀಲದೊಳಗೆ ಇಳಿಯಿತು. ನಾನು ಅವಳ ಮುಖ ನೋಡಿದೆ. ಕೈ ಅಲ್ಲೇ ನಿಂತಿತು.

“ನೇಯ್, ಬಾಬಾ,” ಎಂದಳು.

ಕನ್ನಡದಲ್ಲಿ ಎಂದೂ ಬಾಯಿಗೆ ಬಾರದ ‘ಇಲ್ಲಪ್ಪ’ ಬಂಗಾಳಿಯಲ್ಲಿ ಹೊರಬಿತ್ತು. ಆದರೂ ಬರಿಗೈಯಲ್ಲಿ ಕಳಿಸಲಾರದೆ ಅವನ ಕೈಗೆರಡು ಕೋಡುಬಳೆ ಇಟ್ಟಳು.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅವಳ ‘ನೇಯ್’ ಅನ್ನು ಅವಳದೇ ಸ್ವರದಲ್ಲಿ ಹೇಳಿ ತೋರಿಸಿದೆ. ಬೈಗುಳ ಬರಲಿಲ್ಲ. ಅವಳು ಗಮನವಿಟ್ಟು ಕೇಳಿದಳು.

“ಅಷ್ಟು ಮೆತ್ತಗೆ ಅಲ್ಲ ಮಾರಾಯ, ಗಟ್ಟಿ ಹೇಳು. ಸಂಜೆ ರೈಲ್ವೆ ಮಾವ ಬರ್ತಾರೆ. ಬಾಗಿಲು ನೀನೇ ತೆಗಿ.”