ಅಣ್ಣ ಕಣದಲ್ಲಿ ನುಡಿಸಿದ ಗಿಟಾರ್

ಆಗೆಲ್ಲ ನಮ್ಮೂರು ಮಗ್ಗೆಯ ಕಡೆ ಹಾಡು ಅಂದರೆ ಕ್ಯಾಸೆಟ್ಟು. ನಮ್ಮಣ್ಣನಿಗೆ ಮಾತ್ರ ಹಾಡು ಬೇಕಿರಲಿಲ್ಲ. ನಡುವೆ ಹಾಡುವವರು ಸುಮ್ಮನಾದಾಗ ಬರುತ್ತದಲ್ಲ, ಒಂಟಿ ಗಿಟಾರು, ಅದಷ್ಟನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಿದ್ದ. "ಪಲ್ಲವಿನಾದ್ರೂ ಕೇಳಕ್ಕೆ ಬುಡೋ ಮಾರಾಯ," ಎಂದು ಅವ್ವ ಗೊಣಗುತ್ತಿದ್ದಳು. ಹೀಗಾಗಿ ಎಷ್ಟೋ ಹಾಡುಗಳ ಗಿಟಾರ್ ನನಗೆ ಬಾಯಿಪಾಠ, ಸಾಹಿತ್ಯ ಗೊತ್ತಿಲ್ಲ.

ಒಂದು ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಸಕಲೇಶಪುರದ ಆರ್ಕೆಸ್ಟ್ರಾ ಒಂದಕ್ಕೆ ಗಿಟಾರಿನವನು ಬೇಕಾಗಿದ್ದ. ಕೇಳಿ ಕೇಳಿಯೇ ಗಿಟಾರ್ ಕಲಿತಿದ್ದ ಅಣ್ಣನಿಗೆ, ನುಡಿಸಿದ್ದನ್ನು ರೆಕಾರ್ಡ್ ಮಾಡಿ ಸಂಜೆ ಬಸ್ಸಿಗೆ ಕೊಡು ಅಂದಿದ್ದರು. ಟೇಪ್ ರೆಕಾರ್ಡರನ್ನು ಜಗಲಿಯ ಮೇಲಿಟ್ಟು ಅಣ್ಣ ಕೆಳಗೆ ಕಣದಲ್ಲಿ ಕೂತ. ಹರವಿದ ಕಾಫಿ ಹಣ್ಣಿನ ಹುಳಿ ವಾಸನೆ, ಒಳಗಿನಿಂದ ಅವರೆಕಾಳು ಸಾರಿನ ಘಮ. ಕುಂಟೆಬಿಲ್ಲೆ ಆಡುತ್ತಿದ್ದ ನನ್ನ ಬಾಯಿಗೆ ಬೆಲ್ಲದ ಉಂಡೆ ತುರುಕಿ ಸುಮ್ಮನಿರಿಸಿದ. ತಾನೇ ಕಟ್ಟಿದ ಸೋಲೋ ನುಡಿಸಿದ. ಇವತ್ತಿಗೂ ಅದಕ್ಕಿಂತ ಚೆಂದದ ಗಿಟಾರ್ ನಾನು ಕೇಳಿಲ್ಲ. ತಂಗಿ ಅಂತ ಹೇಳುತ್ತಿಲ್ಲ.

ಸೋಲೋ ಇನ್ನೇನು ಮೇಲಿನ ಸ್ವರಕ್ಕೇರಬೇಕು, ಅಷ್ಟರಲ್ಲಿ ಹನಿ ಬಿತ್ತು.

"ಮಳೆ ಬಂತು ಕಣೋ! ಟಾರ್ಪಾಲ್ ತಗಾ!" ಒಳಗಿನಿಂದ ಅವ್ವ ಕೂಗಿದಳು.

ಒಣಗುವ ಕಾಫಿ ನೆಂದರೆ ಬೂಷ್ಟು ಹಿಡಿಯುತ್ತದೆ. ಈ ಕೂಗು ಬಿದ್ದರೆ ಉಣ್ಣುತ್ತಿದ್ದವರೂ ಎದ್ದು ಓಡಬೇಕು, ನಮ್ಮ ಕಡೆ ಹಾಗೆ. ಅಣ್ಣ ಗಿಟಾರ್ ಬಿಟ್ಟು ಓಡಿದ. ಟೇಪ್ ಓಡುತ್ತಲೇ ಇತ್ತು. "ಆ ಮೂಲೆ ಹಿಡಿಯೋ." "ಹಿಡ್ದಿವ್ನಿ ಕಣವ್ವ, ನೀನ್ ಒಳಿಕ್ಕೋಗು." ಅವ್ವ ಜಾರಿ ಬಿದ್ದು ನಕ್ಕಿದ್ದೂ ಸೇರಿ ಎಲ್ಲಾ ಅದರೊಳಗೆ ಹೋಯಿತು.

ಮತ್ತೆ ನುಡಿಸಲು ಹೊತ್ತಿರಲಿಲ್ಲ, ಬಸ್ಸು ಬಂದುಬಿಟ್ಟಿತು. ಹಾಗೇ ಕೊಟ್ಟ. ನಾಲ್ಕು ದಿನ ಬಿಟ್ಟು, ಬೇರೆಯವನು ಸಿಕ್ಕಿದ್ದಾನೆಂಬ ಮಾತಿನೊಂದಿಗೆ ಕ್ಯಾಸೆಟ್ಟು ಅದೇ ಬಸ್ಸಿನಲ್ಲಿ ವಾಪಸ್ ಬಂತು. "ಕಾಫಿ ಉಳೀತಲ್ಲ, ಬುಡು," ಎಂದ ಅಣ್ಣ. ಆಮೇಲೆ ಗಿಟಾರ್ ಮುಟ್ಟಿದ್ದು ಕಡಿಮೆ.

ಅವ್ವ ಹೋಗಿ ಬಹಳ ಕಾಲವಾಯಿತು. ಹೋದ ವರ್ಷ ಅಣ್ಣನೂ ಹೋದ. ನನಗೆ ಅಳು ಬರಲಿಲ್ಲ. ಎದೆಯೊಳಗೆ ಜೋಮು ಹಿಡಿದಂತಿತ್ತು, ಅಷ್ಟೇ. ಅವರಿಬ್ಬರ ದನಿ ಕೇಳಿದರೆ ಅತ್ತೇನು ಅಂದುಕೊಂಡು, ಆ ಕ್ಯಾಸೆಟ್ಟನ್ನು ಮೊಬೈಲಿಗೆ ಹಾಕಿಕೊಡಲು ಪೇಟೆಯ ಅಂಗಡಿಯೊಂದರಲ್ಲಿ ಕೊಟ್ಟೆ.

"ಟೇಪು ಪುಡಿಪುಡಿಯಾಗಿ ಹೋಗ್ಬುಡ್ತು ಕಣಕ್ಕ," ಎಂದ ಅಂಗಡಿಯವನು. "ಆದ್ರೆ ಅದಕ್ಕೆ ಮುಂಚೆನೇ ಗಿಟಾರ್ ಪೂರ್ತಿ ಉಳಿಸ್ಕಂಡೆ. ಕೊನೇಲಿ ಬರೀ ಮಳೆ, ಕೂಗಾಟ ಇತ್ತು. ಕತ್ತರಿಸಿ ಕ್ಲೀನ್ ಮಾಡಿವ್ನಿ."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಚೆನ್ನಾಗಿದೆ ಅಂದೆ.

ಈಗ ಲೋಕದ ಯಾವ ಗಿಟಾರ್ ಬೇಕಾದರೂ ಮೊಬೈಲಿನಲ್ಲಿ ಸಿಗುತ್ತದೆ. ಅವ್ವ ಅಣ್ಣನ ಮೇಲೆ ರೇಗಿದ ದನಿ ಎಲ್ಲೂ ಸಿಗುವುದಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದೆ. ಅಣ್ಣನ ಗಿಟಾರ್ ಚೊಕ್ಕವಾಗಿ ನಿಂತಿತು. ನಿಂತ ಮೇಲೂ ಊರು ಬರುವ ತನಕ ಮೊಬೈಲನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದೆ.