ಮೋಟಾರು ನಿಲ್ಲಿಸಿ ಕೇಳಿದ ಮಾತು

ದೊಡ್ಡಪ್ಪನಿಗೆ ಮೀಸೆ ಇರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರ ವಯಸ್ಸಿನ ಗಂಡಸರೆಲ್ಲ ಮೀಸೆಯವರೇ. ಇವರು ಮಾತ್ರ ದಿನಾ ಬೆಳಿಗ್ಗೆ ಮೇಲ್ದುಟಿಯನ್ನು ನುಣ್ಣಗೆ ಬೋಳಿಸಿಕೊಂಡೇ ಷೆಡ್ಡಿಗೆ ಬರುತ್ತಿದ್ದರು. ಕಪ್ಪಗಿನ ತುಟಿ, ಕೆಳತುಟಿಯ ನಡುವೆ ಒಂದು ಹಳೆಯ ಸೀಳು.

ಕಾರಣ ಮಗ್ಗದ ಸದ್ದು. ಪವರ್‌ಲೂಮ್ ಓಡುವಾಗ ಕಿವಿಯ ಹತ್ತಿರ ಕೂಗಿದರೂ ಕೇಳಿಸುವುದಿಲ್ಲ. ನಮ್ಮ ಕಸುಬಿನವರು ತುಟಿ ನೋಡಿಯೇ ಮಾತನಾಡುವುದು. ಸದ್ದು ಹೊರಡಿಸುವ ಕಷ್ಟವೂ ಇಲ್ಲ, ಬಾಯಿ ಆಡಿಸಿದರೆ ಸಾಕು. ‘ಮೀಸೆ ಬಿಟ್ರೆ ಅರ್ಧ ಮಾತು ಅದರೊಳಗೇ ಉಳ್ಕಂಡುಬಿಡ್ತದೆ ಕಣಪ್ಪಾ’ ಎನ್ನುತ್ತಿದ್ದರು.

ಸ್ವಂತ ದೊಡ್ಡಪ್ಪ ಅಲ್ಲ, ಪಕ್ಕದ ಮನೆಯವರು. ಅಪ್ಪ ತೀರಿಕೊಂಡ ಮೇಲೆ ನನಗೆ ಮಗ್ಗ ಕಲಿಸಿದವರು. ಷೆಡ್ಡಿನಲ್ಲಿ ನಾವು ಮೂವರು: ದೊಡ್ಡಪ್ಪ, ಅವರ ಭಾಮೈದ, ನಾನು. ಮೂಲೆಯಲ್ಲಿ ಒಂದು ಟೀವಿ. ದಿನವಿಡೀ ನ್ಯೂಸ್, ಧ್ವನಿ ಇಲ್ಲದೆ.

ಭಾವ ಭಾಮೈದ ಇಬ್ಬರದೂ ಬೇರೆ ಬೇರೆ ಪಾರ್ಟಿ. ಎಲೆಕ್ಷನ್ ಬಂತೆಂದರೆ ಎರಡು ಮಗ್ಗಗಳ ನಡುವೆ ತುಟಿಗಳ ಜಗಳ. ಹೋದ ಬೇಸಿಗೆ ಮಾಡಿನ ಶೀಟಿನ ಕೆಳಗೆ ಬೆಂಕಿಯಂತಾಗಿ ರೇಷ್ಮೆ ಎಳೆ ಪಟಪಟ ಕಿತ್ತುಹೋಗುತ್ತಿತ್ತು. ಒದ್ದೆ ಗೋಣಿಚೀಲ ನೇತು ಹಾಕಿ ನೇಯುತ್ತಿದ್ದೆವು. ‘ಭೂಮಿನೇ ಕಾಯ್ತಾ ಐತಂತೆ, ಪೇಪರ್ ನೋಡು’ ಎಂದರು ದೊಡ್ಡಪ್ಪ. ‘ಭೂಮಿ ಬುಡು ಭಾವ, ದೇವನಹಳ್ಳಿ ರೋಡಲ್ಲಿ ಮರ ಕಡಿದ್ರಲ್ಲ, ನಿಮ್ಮೋರೇ ತಾನೆ?’ ಎಂದ ಭಾಮೈದ. ‘ನಿಮ್ಮೋರೇನು ನೀರು ಹಾಕುದ್ರಾ?’ ಹೀಗೆ.

ಜಗಳಕ್ಕೆ ದೊಡ್ಡಪ್ಪನದು ಒಂದೇ ಕಟ್ಟಳೆ. ಎದುರಿನವನ ಮುಖ ನೋಡಿಯೇ ಆಡಬೇಕು. ಷೆಡ್ಡಿನಲ್ಲಿ ಬೆನ್ನು ತಿರುಗಿಸಿದರೆ ಮಾತು ಸತ್ತ ಹಾಗೆ.

ದೊಡ್ಡಪ್ಪನ ಒಬ್ಬಳೇ ಮಗಳು ಕೊಲ್ಲಿ ದೇಶದ ಒಂದು ಊರಿನಲ್ಲಿ ನರ್ಸ್. ಅತ್ತ ಯುದ್ಧ ಶುರುವಾದಾಗ ಅವಳಿರುವ ಊರಿಗೆ ಏನೂ ಆಗಿರಲಿಲ್ಲ. ಆದರೆ ಪಕ್ಕದ ದೇಶಕ್ಕೆ ಹೊಡೆಯುವ ಕ್ಷಿಪಣಿಗಳು ಅವಳ ತಲೆಯ ಮೇಲೇ ಹಾರುತ್ತಿದ್ದವು. ದೊಡ್ಡಪ್ಪ ಟೀವಿ ಕಡೆ ನೋಡುತ್ತ ನೋಡುತ್ತ ಎಳೆ ತಪ್ಪಿಸತೊಡಗಿದರು. ಬಾಂಬಿಗಿಂತ ಒಡೆದ ಗಾಜಿನಿಂದ ಸಾಯುವವರೇ ಹೆಚ್ಚು ಎಂದು ಎಲ್ಲೋ ಓದಿದ್ದರು. ದಿನಾ ಫೋನಿನಲ್ಲಿ ಅವಳಿಗೆ ಒಂದೇ ಮಾತು: ‘ಕಿಟಕಿ ಹತ್ರ ಮಲಗಬ್ಯಾಡ ಕಣಮ್ಮಾ.’

ಒಂದು ಮಧ್ಯಾಹ್ನ ಟೀವಿಯಲ್ಲಿ ಒಂದು ದೊಡ್ಡ ಕಟ್ಟಡ ಕುಸಿಯಿತು. ಭಾಮೈದ ನನ್ನ ಕಡೆ ತಿರುಗಿ ತುಟಿಯಾಡಿಸಿದ: ‘ಸರಿಯಾಗ್ ಬಿತ್ತು ನೋಡು. ಇನ್ನೊಂದೆರಡು ಹಾಕ್ಲಿ, ಊರೇ ಉಳೀಬಾರ್ದು.’

ಅವನು ಹೇಳಿದ್ದು ನನಗೆ. ದೊಡ್ಡಪ್ಪ ನೋಡಿಬಿಟ್ಟರು. ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ ಇಳಿಸಿದರು. ಮೋಟಾರುಗಳು, ಮಗ್ಗಗಳು ಎಲ್ಲ ಒಟ್ಟಿಗೆ ನಿಂತವು. ಕೆಲಸದ ಹೊತ್ತಿನಲ್ಲಿ ಅಷ್ಟು ನಿಶ್ಶಬ್ದವನ್ನು ಆ ಷೆಡ್ಡಿನಲ್ಲಿ ನಾನು ಕಂಡಿರಲಿಲ್ಲ.

‘ಈಗ ಹೇಳು’ ಎಂದರು.

‘ಏನ್ನ ಭಾವ?’

‘ಈಗೇನೋ ಅಂದ್ಯಲ್ಲ ಇವನಿಗೆ. ಅದನ್ನೇ ಬಾಯ್ಬಿಟ್ಟು ಹೇಳು. ಸದ್ದಿಲ್ಲ ಈಗ, ಎಲ್ರಿಗೂ ಕೇಳಿಸ್ತದೆ.’

‘ಸುಮ್ನೆ ಅಂದೆ ಬುಡು. ಅದು ನಮ್ ಮಗು ಇರೋ ಊರಲ್ಲ, ಆಚೆ ದೇಶದ್ದು.’

‘ಆಚೆ ದೇಶದಾಗೆ ಯಾರ ಮಗೂನೂ ಇಲ್ವೇನೋ?’

ದೊಡ್ಡಪ್ಪನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಿವಗಂಗೆ ಬೆಟ್ಟ ಹತ್ತಿಸಿದ ಸೋದರಮಾವ ಈ ಭಾಮೈದ. ಮುಖ ಕೆಂಪಾಯಿತು. ದೊಡ್ಡಪ್ಪ ಸ್ವಿಚ್ ಹಾಕಿದರು. ಅವನು ತನ್ನ ಮಗ್ಗಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತ. ಅಂದಿನಿಂದ ಭಾವನ ಮುಖ ನೋಡಲಿಲ್ಲ. ದೊಡ್ಡಪ್ಪ ಎಳೆ ಕಟ್ಟುವಾಗ ಆಗಾಗ ತಲೆಯೆತ್ತಿ ಆ ಬೆನ್ನನ್ನು ನೋಡುತ್ತಿದ್ದರು. ನಾನು ನಡುವೆ ನಿಂತು ನೇಯುತ್ತಿದ್ದೆ.

ಯುದ್ಧ ಇನ್ನೂ ನಡೆಯುತ್ತಿರುವಾಗಲೇ ದೊಡ್ಡಪ್ಪನಿಗೆ ನ್ಯುಮೋನಿಯಾ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಗಂಟಲಿಗೆ ಹೊರಗಿನಿಂದ ತೂತು ಮಾಡಿ ಕೊಳವೆ ಹಾಕಿದರು. ಎಚ್ಚರ ಇತ್ತು, ಧ್ವನಿ ಇರಲಿಲ್ಲ. ಮಗಳು ಬ್ಯಾಗು ಹಿಡಿದು ಏರ್‌ಪೋರ್ಟಿಗೆ ಹೋದವಳು ವಿಮಾನಗಳೆಲ್ಲ ನಿಂತುಹೋಗಿ ಅಲ್ಲೇ ತನ್ನ ರೂಮಿಗೆ ವಾಪಸ್ ಹೋಗಿದ್ದಳು. ವಿಡಿಯೋ ಕಾಲ್ ಮಾಡಿದಳು, ಫೋನ್ ನಾನು ಹಿಡಿದೆ. ದೊಡ್ಡಪ್ಪನ ತುಟಿ ಆಡಿದ್ದು ಕಂಡಿತು, ಮಾತು ತಿಳಿಯಲಿಲ್ಲ. ಮಲಗಿದಲ್ಲೇ ಬೆಳೆದ ಬಿಳಿ ಮೀಸೆ ಬಾಯಿಯ ಮೇಲೆ ಇಳಿದಿತ್ತು. ‘ಏನಪ್ಪಾ, ಏನು?’ ಎಂದು ಕೇಳಿ ಕೇಳಿ ಅವಳು ಅತ್ತಳು.

ಅದನ್ನು ನಾನು ಭಾಮೈದನಿಗೆ ಷೆಡ್ಡಿನಲ್ಲಿ ಹೇಳಿದೆ. ಅವನು ಲಾಳಿ ಕೆಳಗಿಟ್ಟ.

ಮರುದಿನ ಆಸ್ಪತ್ರೆಗೆ ಬಂದ, ಮೊದಲ ಸಲ. ಪ್ಲಾಸ್ಟಿಕ್ ಕವರಿನಲ್ಲಿ ರೇಜರು, ಸೋಪು. ಅಲ್ಲಿಯ ನರ್ಸಮ್ಮನನ್ನು ಕೇಳಿಕೊಂಡು ಮಂಚದ ಅಂಚಿಗೆ ಕೂತು, ಭಾವನ ಗಲ್ಲ ಹಿಡಿದು, ಮೇಲ್ದುಟಿಯನ್ನು ಬೋಳಿಸಿದ. ಅಷ್ಟು ಹತ್ತಿರದಿಂದ ಮುಖ ನೋಡದೆ ಇರಲು ಆಗುವುದಿಲ್ಲ. ದೊಡ್ಡಪ್ಪ ಕಣ್ಣು ಮುಚ್ಚಲಿಲ್ಲ. ಅವರ ತುಟಿ ಆಡಿತು: ‘ಮೆತ್ತಗೆ ಕಣೋ. ಎಲೆಕ್ಷನ್ ಕೋಪ ನನ್ ಮೂತಿ ಮೇಲೆ ತೀರಿಸ್ಕಬ್ಯಾಡ.’

ಭಾಮೈದನಿಗೆ ನಗಲೂ ಆಗಲಿಲ್ಲ. ಟವೆಲ್ಲಿನಿಂದ ಬಾಯಿ ಒರೆಸಿ, ತಾನೇ ಫೋನ್ ಹಚ್ಚಿ ಎದುರಿಗೆ ಹಿಡಿದ.

ಮಗಳೂ ಚಿಕ್ಕಂದಿನಿಂದ ಷೆಡ್ಡಿನಲ್ಲೇ ಬೆಳೆದವಳು. ಈ ಸಲ ಅವಳೂ ಧ್ವನಿ ಹೊರಡಿಸಲಿಲ್ಲ, ತುಟಿಯಷ್ಟೇ ಆಡಿಸಿದಳು. ಪ್ಲೇನ್ ಬಿಡ್ತಾ ಇಲ್ಲ ಅಪ್ಪ, ಎಂದಳು. ಗೊತ್ತು, ಇಲ್ಲಿನ ಟೀವೀಲಿ ನೋಡಿದೆ, ಎಂದರು ಇವರು. ಊಟ ಆಯ್ತಾ ಎಂದರು. ವಾರ್ಡಿನಲ್ಲಿ ಬೇರೆ ಯಾರಿಗೂ ಏನೂ ಕೇಳಿಸಲಿಲ್ಲ. ನಾವಿಬ್ಬರು ಎಲ್ಲವನ್ನೂ ಕೇಳಿಸಿಕೊಂಡೆವು.

ಕೊನೆಯಲ್ಲಿ ಅವರು ಹೇಳಿದ ಒಂದು ಮಾತಿಗೆ ಮಗಳು ತಲೆಯಾಡಿಸಿ ಮುಖ ಮುಚ್ಚಿಕೊಂಡಳು. ‘ಏನಂದ್ರು?’ ಎಂದು ನರ್ಸಮ್ಮ ಕೇಳಿದರು.

‘ಕಿಟಕಿ ಹತ್ರ ಮಲಗಬ್ಯಾಡ ಅಂದ್ರು’ ಎಂದ ಭಾಮೈದ. ಆಮೇಲೆ ಎದ್ದು ಹೊರಗೆ ಹೋದ.

ಆ ವಾರವೇ ದೊಡ್ಡಪ್ಪ ಹೋದರು. ವಿಮಾನ ಬಿಟ್ಟ ಮೇಲೆ ಮಗಳು ತಿಥಿಯ ಹೊತ್ತಿಗೆ ಬಂದಳು.

ಈಗ ಅವರ ಮಗ್ಗವನ್ನು ನಾನು ಓಡಿಸುತ್ತೇನೆ. ಟೀವಿಯಲ್ಲಿ ಎಲ್ಲೋ ಏನೋ ಉರಿಯುತ್ತಿರುತ್ತದೆ. ಎದುರಿನ ಮಗ್ಗದಿಂದ ಭಾಮೈದ ನನ್ನ ಕಡೆ ತಿರುಗಿ ಬಾಯಿ ತೆರೆಯುತ್ತಾನೆ. ಹೇಳುವ ಮೊದಲು ಗೋಡೆಯ ಸ್ವಿಚ್ಚಿನ ಕಡೆ ಒಮ್ಮೆ ನೋಡುತ್ತಾನೆ. ಕೆಲವು ಸಲ ಹೇಳುತ್ತಾನೆ. ಕೆಲವು ಸಲ ಬಾಯಿ ಮುಚ್ಚಿ, ಬಗ್ಗಿ, ಕಿತ್ತ ಎಳೆ ಕಟ್ಟುತ್ತಾನೆ.