ಬಾನೆಟ್ ಮೇಲೆ ಬಾಗಿದ ಮಾವ

ಮಾವನವರ ಕಾಲರ್ ಹಿಡಿದು ಹಿಂದಕ್ಕೆ ಎಳೆದುಬಿಟ್ಟೆ. ಅವರೆದುರು ಎಂದೂ ದನಿ ಎತ್ತದ ನಾನು, "ರೀ, ಇಂಜಿನ್ ಆಫ್ ಮಾಡಿ!" ಎಂದು ಕಿರುಚಿದ್ದೆ.

ಮಾವನವರಿಗೆ ಪೇಸ್‌ಮೇಕರ್ ಹಾಕಿದ್ದ ವಿಜಯವಾಡದ ಆಸ್ಪತ್ರೆಗೆ, ತಪಾಸಣೆಗೆಂದು ವಿಶಾಖಪಟ್ಟಣದಿಂದ ಬಂದಿದ್ದೆವು. ಪಿಕಪ್ ಹೆಚ್ಚುತ್ತದೆಂದು ಯಜಮಾನರು ಹಳೇ ಕಾರಿಗೆ ಆ ವಾರವಷ್ಟೇ ಹೆಚ್ಚು ಶಕ್ತಿಯ ಇಗ್ನಿಷನ್ ಕಾಯಿಲ್, ಸ್ಪಾರ್ಕ್ ಪ್ಲಗ್ ಹಾಕಿಸಿದ್ದರು. ದಾರಿಯುದ್ದಕ್ಕೂ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ರೇಡಿಯೋ ಕರಕರ ಎನ್ನುತ್ತಿತ್ತು.

ಪಾರ್ಕಿಂಗ್‌ನಲ್ಲಿ ಮಾವ, "ಬಾನೆಟ್ ಎತ್ತೋ, ನಿನ್ನ ಹೊಸ ಕಾಯಿಲ್ ಏನ್ ಕಡಿದು ಗುಡ್ಡೆ ಹಾಕ್ತಿದೆ ನೋಡೋಣ" ಎಂದರು. ಯಜಮಾನರು ಒಳಗೆ ಕೂತು ರೇಸ್ ಕೊಟ್ಟರು. ಮಾವ ಕಿವಿಗೊಟ್ಟು ಇಂಜಿನ್ನಿನ ಮೇಲೆ ಬಾಗಿದರು, ಎದೆ ಕಾಯಿಲ್‌ಗೆ ತಾಗುವಷ್ಟು. ರೇಡಿಯೋ ಮತ್ತೆ ಕರಕರ ಎಂದಿತು. ಓಡುವ ಇಂಜಿನ್ನಿನ ಕಿಡಿ ಹಾರುವ ಭಾಗಗಳಿಂದ ಎದೆಯನ್ನು ದೂರವಿಡಿ, ರೇಡಿಯೋಗಾಗುವಂತೆ ಪೇಸ್‌ಮೇಕರ್‌ಗೂ ಅಡ್ಡಿಯಾಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದು ನನಗೆ ನೆನಪಾದದ್ದು ಆಗಲೇ.

ಇಂಜಿನ್ ನಿಂತಿತು. "ಏಮೈಂದಮ್ಮಾ?" ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳುತ್ತ ಸೆಕ್ಯುರಿಟಿಯವರು ಓಡಿ ಬಂದರು. ಮಾವ ಕಾಲರ್ ಸರಿಮಾಡಿಕೊಂಡು, "ಪಿಕಪ್ ಬಂದಿರೋದು ಕಾರಿಗಲ್ಲ ಕಣೋ, ನಿನ್ನ ಹೆಂಡ್ತಿಗೆ" ಎಂದರು. ನಮಗೆ ನಗು ಬರಲಿಲ್ಲ. ಪೇಸ್‌ಮೇಕರ್‌ಗೆ ಏನೂ ಆಗಿಲ್ಲವೆಂದು ಡಾಕ್ಟರು ಪರೀಕ್ಷಿಸಿ ಹೇಳಿದ ಮೇಲೆಯೇ ನಮಗೆ ಸಮಾಧಾನವಾಯಿತು.

ಊರಿಗೆ ಮರಳಿ ಹಳೇ ಕಾಯಿಲ್, ಪ್ಲಗ್ಗುಗಳನ್ನೇ ಮತ್ತೆ ಹಾಕಿಸಿದೆವು. ಓಟದಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ, ರೇಡಿಯೋ ಮಾತ್ರ ಸ್ವಚ್ಛವಾಗಿ ಹಾಡತೊಡಗಿತು. ಯಾರಾದರೂ ಬಾನೆಟ್ ಎತ್ತಿದರೆ ಮಾವ ಈಗ ಕೈಯನ್ನು ಹಿಂದೆ ಕಟ್ಟಿ ದೂರ ನಿಲ್ಲುತ್ತಾರೆ, ಮೊದಲು ನನ್ನತ್ತ ನೋಡುತ್ತಾರೆ.